ಫೋನಿನಲ್ಲಿ ಹೆಣೆದ ಜಡೆ

ಭಾನುವಾರ ಬಂತೆಂದರೆ ಕೊಪ್ಪದ ಪರಮೇಶ್ವರಪ್ಪನ ಮನೆಯ ಹಿತ್ತಲಿನಲ್ಲಿ ತಲೆಗಳ ಸಂತೆ. ನರಸಿಂಹರಾಜಪುರದಿಂದ ಬೆಳಗಿನ ಬಸ್ಸಿಗೆ ಅವನ ತಂಗಿ ದಾಕ್ಷಾಯಿಣಿ ಬರುತ್ತಿದ್ದಳು. ಚೀಲದಲ್ಲಿ ಕತ್ತರಿ, ಬಾಚಣಿಗೆ, ಬಣ್ಣ ಕಲಸುವ ಬಟ್ಟಲು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೊದಲು ಕೂರುವವಳು ಅತ್ತಿಗೆ ಪ್ರೇಮಕ್ಕ.

“ಕಿವಿ ಪಕ್ಕ ಇನ್ನೊಂದ್ಸಲ ಹಚ್ಚು ಮಾರಾಯ್ತಿ, ಒಂದು ಬಿಳಿ ಕೂದ್ಲೂ ಕಾಣ್ಬಾರ್ದು. ನಿನ್ನ ಕೈಗುಣ ಯಾರಿಗೂ ಬರಲ್ಲ ನೋಡು.”

ಅತ್ತಿಗೆ ಎದ್ದ ಮೇಲೆ ಅವಳ ಮಗಳು ಮೇಘನ. ಬಾಳಗಡಿಯ ಕಾಲೇಜು ಮುಗಿಸಿದ ಹುಡುಗಿ. ಬೆನ್ನು ಮುಚ್ಚುವಷ್ಟು ಕೂದಲು. ಅವಳಿಗೆ ಮೊಟ್ಟಮೊದಲು ಎರಡು ಜಡೆ ಹಾಕಿ ಶಾಲೆಗೆ ಕಳಿಸಿದವಳೂ ದಾಕ್ಷಾಯಿಣಿಯೇ.

“ಅತ್ತೆ, ನನ್ನ ಮದುವೆಗೆ ಮೊಗ್ಗಿನ ಜಡೆ ನೀನೇ ಹಾಕ್ಬೇಕು” ಎಂದು ಮೇಘನ ಪ್ರತಿ ವಾರ ಹೇಳುತ್ತಿದ್ದಳು. ಆ ಮಾತು ಬಂದಾಗಲೆಲ್ಲ ಪ್ರೇಮಕ್ಕನಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು. ಎದ್ದು ಒಳಗೆ ಹೋಗುತ್ತಿದ್ದಳು.

ಅತ್ತಿಗೆಯ ಹಾಲು ಯಾಕೆ ಅದೇ ಹೊತ್ತಿಗೆ ಉಕ್ಕುತ್ತದೆ ಎಂಬುದು ದಾಕ್ಷಾಯಿಣಿಗೆ ಗೊತ್ತಿತ್ತು. ದಾಕ್ಷಾಯಿಣಿಯ ಗಂಡ ರಾಜಶೇಖರ್ ಎದೆನೋವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬಂದಿರಲಿಲ್ಲ. ಅಂದಿನಿಂದ ಅವಳ ಹಣೆಯಲ್ಲಿ ಕುಂಕುಮವಿಲ್ಲ, ವಿಭೂತಿ ಮಾತ್ರ. ಮಕ್ಕಳಿಲ್ಲ. ಹೊಟ್ಟೆಪಾಡಿಗೆ ಅಡಿಕೆ ಮಂಡಿಯೊಂದರಲ್ಲಿ ತೂಕದ ಚೀಟಿ ಬರೆಯುತ್ತಿದ್ದಳು. ಮಂಡಿಗೆ ಕಂಪ್ಯೂಟರ್ ಬಂತು, ಚೀಟಿ ಬರೆಯುವವಳು ಬೇಡವಾದಳು. ವಯಸ್ಸು ಆಗಲೇ ನಲವತ್ತರ ಬಾಗಿಲು ತಟ್ಟುತ್ತಿತ್ತು. ಇದ್ದ ಎರಡು ಬಳೆ ಮಾರಿ, ಶಿವಮೊಗ್ಗದಲ್ಲಿ ತನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಕೂತು ಕೂದಲ ಕೆಲಸ ಕಲಿತಳು.

“ಚೌರದ ಕೆಲಸಾನ?” ಎಂದು ಪರಮೇಶ್ವರಪ್ಪ ಹೌಹಾರಿದ್ದ. “ನಮ್ಮ ಮನೆತನದಲ್ಲಿ ಕತ್ತರಿ ಹಿಡಿದೋರು ಯಾರೂ ಇರ್ಲಿಲ್ಲ.”

“ಕೆಲಸದಲ್ಲಿ ಮೇಲು ಕೀಳು ಇಲ್ಲ ಅಂತ ಮಠದಲ್ಲಿ ಕೇಳಿಸ್ಕೊಂಡು ತಲೆ ಆಡಿಸ್ತೀಯಲ್ಲ ಅಣ್ಣ. ಅದು ಮಠದಲ್ಲಿ ಮಾತ್ರವಾ?” ಎಂದಿದ್ದಳು ತಂಗಿ. ಬರಬರುತ್ತ ಕತ್ತರಿಗೆ ಎಲ್ಲರೂ ಒಗ್ಗಿಕೊಂಡರು. ಬಿಟ್ಟಿಯಾಗಿ ಕೂದಲು ಕಪ್ಪಾಗುತ್ತದೆಂದರೆ ಯಾರು ತಾನೇ ಒಗ್ಗುವುದಿಲ್ಲ!

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿಯೇನೋ ಆಯಿತು. ಆದರೆ ಈ ಕಸುಬಿನ ಲೆಕ್ಕಾಚಾರ ಬೇರೆ. ಕೂದಲ ತುದಿ ಕತ್ತರಿಸಿ, ಹುಬ್ಬು ತೀಡಿ ಬರುವ ದುಡ್ಡು ಅಂಗಡಿ ಬಾಡಿಗೆಗೆ, ಕರೆಂಟಿಗೆ, ಕೈಕೆಲಸದ ಸೌಜನ್ಯಳ ಸಂಬಳಕ್ಕೆ ಸರಿಹೋಗುತ್ತದೆ. ಅನ್ನ ಹಾಕುವುದು ಮದುವೆಯ ಕೆಲಸ. ಒಬ್ಬ ಮದುಮಗಳನ್ನು ಸಿಂಗರಿಸಿದರೆ ಬರುವಷ್ಟು ತಿಂಗಳಿಡೀ ಕತ್ತರಿ ಆಡಿಸಿದರೂ ಬರುವುದಿಲ್ಲ. ಮತ್ತು ಮದುಮಗಳ ಜಡೆ ಮುಟ್ಟಬೇಕಾದರೆ ನಮ್ಮ ಕಡೆ ಕೈಯಲ್ಲಿ ಕಲೆ ಇದ್ದರೆ ಸಾಲದು, ಕೊರಳಲ್ಲಿ ತಾಳಿ ಇರಬೇಕು. ಈ ಕಾನೂನು ಬರೆದವರು ಯಾರೋ ಗೊತ್ತಿಲ್ಲ. ಕಾಯುವವರು ಮಾತ್ರ ಮನೆಮನೆಯಲ್ಲೂ ಇದ್ದಾರೆ.

ಅದು ಅವಳಿಗೆ ತಿಳಿದದ್ದು ಬಾಳೆಹೊನ್ನೂರಿನ ಒಂದು ಮದುವೆಯಲ್ಲಿ. ಜಡೆ ಅರ್ಧ ಹೆಣೆದಿದ್ದಳು. ಕೋಣೆಗೆ ಬಂದ ಮುದುಕಿಯೊಬ್ಬಳು ಅವಳ ಕೊರಳನ್ನೂ ಹಣೆಯನ್ನೂ ನೋಡಿ, “ಅಯ್ಯೋ, ಇವಳನ್ನ ಒಳಗೆ ಬಿಟ್ಟೋರು ಯಾರ್ರೇ?” ಎಂದಳು. ಹೆಣೆದದ್ದನ್ನು ಬಿಚ್ಚಿದರು. ಹುಡುಗಿಗೆ ಮತ್ತೆ ತಲೆಗೆ ನೀರು ಹಾಕಿದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಊಟ ಮಾಡಿಕೊಂಡು ಹೋಗಮ್ಮ ಎಂದೂ ಅಂದರು. ದಾಕ್ಷಾಯಿಣಿ ಊಟ ಮಾಡದೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನ ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಆಮೇಲೆ ಹುಟ್ಟಿದ್ದು ಫೋನಿನ ಉಪಾಯ. ಸೌಜನ್ಯಳಿಗೆ ಆಗಷ್ಟೇ ಮದುವೆಯಾಗಿತ್ತು. ಛತ್ರಕ್ಕೆ ಅವಳು ಹೋಗುವಳು. ಕನ್ನಡಿಗೆ ಒರಗಿಸಿಟ್ಟ ಫೋನಿನಲ್ಲಿ ದಾಕ್ಷಾಯಿಣಿ ಅಂಗಡಿಯಿಂದಲೇ ನೋಡುವಳು. “ಜಡೆಯ ಎಡಗಾಲು ಇನ್ನೂ ಬಿಗಿ ಎಳಿ. ಮೊಗ್ಗಿನ ಸಾಲು ಸೊಟ್ಟ ಆಯ್ತು, ಆ ಹೊಲಿಗೆ ಬಿಚ್ಚು” ಎಂದು ಸೌಜನ್ಯಳ ಕಿವಿಯೊಳಗೆ ಮಾತ್ರ ಕೇಳುವಂತೆ ಹೇಳುವಳು. ಕಣ್ಣು, ಬುದ್ಧಿ ಇವಳದು, ಕೈ ಅವಳದು. ಸೀರೆ, ರವಿಕೆ ಕಣ, ತೆಂಗಿನಕಾಯಿ, ಕುಂಕುಮ ಸೌಜನ್ಯಳಿಗೆ. ದುಡ್ಡು ಅಂಗಡಿಗೆ. ಊರಿಗೆಲ್ಲ ಗೊತ್ತಿದ್ದ ಗುಟ್ಟು ಇದು, ಎಲ್ಲರಿಗೂ ಅನುಕೂಲವಾಗಿತ್ತು. ಮದುಮಗಳು ನಾಚುತ್ತ ಎದ್ದು ಹೋದ ಮೇಲೆ ಫೋನಿನ ಗಾಜಿನಲ್ಲಿ ಖಾಲಿ ಕುರ್ಚಿ ಉಳಿಯುತ್ತಿತ್ತು. ವಾಲಗದ ಸದ್ದು ದೂರದಿಂದ ಕೇಳುತ್ತಿತ್ತು. ಸೌಜನ್ಯ ಬಂದು ಫೋನ್ ಆರಿಸುವವರೆಗೆ ದಾಕ್ಷಾಯಿಣಿ ಆ ಕುರ್ಚಿಯನ್ನೇ ನೋಡುತ್ತ ಕೂರುತ್ತಿದ್ದಳು.

ಅವಳದೂ ತಪ್ಪಿದೆ ಎಂದು ನಾವು ಹೇಳಬಹುದು. ಗೋಡೆ ಕೆಡವುವ ಬದಲು ಕಿಂಡಿ ಕೊರೆದುಕೊಂಡಳು. ಆದರೆ ಹಸಿವಿನ ಮುಂದೆ ನಿಂತು ಹಾಗೆ ಹೇಳುವುದು ಕಷ್ಟ.

ಮೇಘನಳಿಗೆ ಗಂಡು ಗೊತ್ತಾಯಿತು. ಶಿವಮೊಗ್ಗದ ಹುಡುಗ, ಶಶಿಕಿರಣ್. ಮದುವೆ ಕೊಪ್ಪದಲ್ಲಿ. ಒಂದು ಮಧ್ಯಾಹ್ನ ಪ್ರೇಮಕ್ಕ ತಾನೇ ಅಂಗಡಿಗೆ ಬಂದಳು, ಕೈಯಲ್ಲಿ ಲಗ್ನಪತ್ರಿಕೆ, ಒಂದು ಸೀರೆ.

“ಕಾಫಿ ಬ್ಯಾಡ, ಬಸ್ಸಿದೆ. ಎಂತ ಹೇಳೋಕೆ ಬಂದೆ ಅಂದ್ರೆ, ಆವತ್ತು ಸೌಜನ್ಯನ್ನ ಬೆಳಿಗ್ಗೆನೇ ಕಳ್ಸು. ನೀನು ಫೋನಲ್ಲಿ ಹೇಳ್ಕೊಡು.”

ದಾಕ್ಷಾಯಿಣಿ ಬಾಚಣಿಗೆ ಒರೆಸುತ್ತಿದ್ದವಳು ನಿಲ್ಲಿಸಿದಳು. “ನಾನು ಬರೋದು ಬ್ಯಾಡ್ವಾ ಅತ್ತಿಗೆ?”

“ಬರ್ಬೇಡ ಅಂದ್ನಾ? ಊಟದ ಹೊತ್ತಿಗೆ ಬಾ. ಜಡೆ ಮಾತು ಬೇರೆ. ಎಲ್ಲರ ಮನೆಗೂ ಹಂಗೇ ತಾನೇ ಮಾಡ್ತಿರೋದು ನೀನು?”

“ಎಲ್ಲರ ಮನೇಲೂ ನಾನು ಸೋದರತ್ತೆ ಅಲ್ಲ.”

“ನಂಗೇನೂ ಇಲ್ಲಮ್ಮ ಅಂಥದ್ದೆಲ್ಲ. ನನ್ನ ತಲೆಗೆ ಬಣ್ಣ ಹಚ್ಚೋಳು ನೀನೇ ಅಲ್ವಾ? ಆದ್ರೆ ಹುಡುಗನ ಕಡೆಯೋರು ಏನಂತಾರೆ?”

“ಏನಂದ್ರು?”

“ಅವರು ಬಾಯಿಬಿಟ್ಟು ಕೇಳೋಕ್ಕಿಂತ ಮುಂಚೆ ನಾವೇ ತಿಳ್ಕೋಬೇಕಪ್ಪ. ನಾಳೆ ಆ ಮಗೂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಾತು ಬರೋದು ನಿನ್ನ ಮೇಲೇ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಇದಕ್ಕಿಂತ ಹಳೆಯ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಹೆಣ್ಣಿನ ಒಳ್ಳೆಯದಕ್ಕೇ ಅವಳ ಬಾಗಿಲು ಮುಚ್ಚುತ್ತಾರೆ.

ಸಂಜೆ ದಾಕ್ಷಾಯಿಣಿ ಅಣ್ಣನಿಗೆ ಫೋನ್ ಮಾಡಿದಳು.

“ಹೆಂಗಸರ ಶಾಸ್ತ್ರಕ್ಕೆ ನಾನು ಹೆಂಗೆ ಬಾಯಿ ಹಾಕ್ಲಿ ಮಾರಾಯ್ತಿ?” ಎಂದ ಪರಮೇಶ್ವರಪ್ಪ. “ನಡ್ಕೊಂಡು ಬಂದಿರೋದು. ಒಂದು ದಿನದ ಮಾತು, ಹೊಂದ್ಕೊಂಡು ಹೋಗು.”

“ಅಣ್ಣ, ದಿನಾ ಬೆಳಿಗ್ಗೆ ನೀನು ಅಂಗೈ ಮೇಲೆ ಲಿಂಗ ಇಟ್ಕೊಂಡು ಪೂಜೆ ಮಾಡ್ತೀಯ. ನಾನೂ ಮಾಡ್ತೀನಿ. ಅವರು ಹೋದ ಮಾರನೇ ದಿನಾನೂ ಮಾಡಿದೀನಿ. ಇದೇ ಅಂಗೈ. ಲಿಂಗಕ್ಕೆ ಆಗದ ಮೈಲಿಗೆ ಜಡೆಗೆ ಆಗುತ್ತಾ?”

ಆ ಕಡೆಯಿಂದ ಕೆಮ್ಮು ಕೇಳಿಸಿತು.

“ಬಂದ್ರೆ ಬಾಗಿಲಿಂದ ಬರ್ತೀನಿ. ಫೋನಿಂದ ಬರಲ್ಲ. ಮೇಘನಂಗೆ ಅಂತಲ್ಲ, ಇನ್ಮೇಲೆ ಯಾರ ಮನೆಗೂ ಬರಲ್ಲ” ಎಂದಳು. ಕೊನೆಯ ಮಾತು ಹೇಳುವಾಗ ಅವಳ ದನಿಯೇ ಅವಳಿಗೆ ಹೊಸದಾಗಿ ಕೇಳಿಸಿತು.

ಹೇಳುವುದು ಸುಲಭ, ಹೇಳಿ ಬದುಕುವುದು ಕಷ್ಟ. ಗೊತ್ತುಮಾಡಿಕೊಂಡಿದ್ದ ಮದುವೆಯವರು ಒಬ್ಬೊಬ್ಬರಾಗಿ ಫೋನ್ ಮಾಡಿ ಬೇಡವೆಂದರು. ಕೆಲವರು ಮಾತು ಕೂಡ ಆಡದೆ ಶೃಂಗೇರಿಯ ಪಾರ್ಲರ್ ಹಿಡಿದರು. ಸೌಜನ್ಯ ಮುಖ ಚಿಕ್ಕದು ಮಾಡಿಕೊಂಡು, “ಅಕ್ಕ, ಈ ಸೀಸನ್ ಒಂದು ಮುಗೀಲಿ, ಆಮೇಲೆ ಬಿಡಾಣ” ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ದಾಕ್ಷಾಯಿಣಿ ಮಾತ್ರ ಒಪ್ಪಲಿಲ್ಲ. ಭಾನುವಾರಗಳಲ್ಲಿ ಕೊಪ್ಪಕ್ಕೆ ಹೋಗುವುದೂ ನಿಂತಿತು. ಒಬ್ಬಳಿಗೇ ಒಂದು ಲೋಟ ಅಕ್ಕಿ ಬೇಯಿಸಿ, ಅರ್ಧ ಉಂಡು, ಉಳಿದದ್ದಕ್ಕೆ ರಾತ್ರಿ ಮಜ್ಜಿಗೆ ಕಲಸುತ್ತಿದ್ದಳು.

ಮೇಘನಳ ಮದುವೆಯ ದಿನ ಸೌಜನ್ಯ ರಜ ಹಾಕಿದ್ದಳು. ದಾಕ್ಷಾಯಿಣಿ ಅಂಗಡಿ ಬಾಗಿಲು ತೆಗೆದು, ನೆಲ ಒರೆಸಿ, ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ಮಲ್ಲಿಗೆ ಮೊಗ್ಗು ತಂದಳು. ಯಾಕೆ ತಂದಳೋ ಅವಳಿಗೇ ತಿಳಿಯದು. ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು. ಲಗ್ನದ ದಿನ, ಗಿರಾಕಿಗಳೆಲ್ಲ ಯಾವುದೋ ಮದುವೆಯಲ್ಲಿದ್ದರು.

ಫೋನ್ ಹೊಡೆದುಕೊಂಡಿತು. ಮೇಘನ, ವಿಡಿಯೋ ಕಾಲ್. ಮತ್ತೆ ಅದೇ ಉಪಾಯ, ಈ ಸಲ ಹುಡುಗಿಯ ಬಾಯಿಂದಲೇ ಹೇಳಿಸುತ್ತಾರೆ ಎಂದು ದಾಕ್ಷಾಯಿಣಿಗೆ ಅನಿಸಿತು. ಎತ್ತಿದರೆ ಕರಗಿಬಿಡುತ್ತೇನೆಂದು ಭಯವಾಯಿತು. ಫೋನನ್ನು ಬೋರಲು ಹಾಕಿ, ಮೇಲೆ ಟವೆಲು ಹೊದಿಸಿದಳು. ಅದು ಟವೆಲಿನ ಕೆಳಗೆ ನಡುಗಿ ನಡುಗಿ ಸುಮ್ಮನಾಯಿತು. ಆಗ ಅವಳು ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು, ಕನ್ನಡಿಯ ಎದುರು, ಗಂಡ ಸತ್ತಾಗಲೂ ಅಳದಷ್ಟು ಅತ್ತಳು.

ಮಾರನೆಯ ಬೆಳಿಗ್ಗೆ, ಶಿವಮೊಗ್ಗಕ್ಕೆ ಹೊರಟಿದ್ದ ಹೂವಿನ ಕಾರೊಂದು ಅಂಗಡಿಯ ಮುಂದೆ ನಿಂತಿತು. ಶಶಿಕಿರಣ್‌ನನ್ನು ಕಾರಿನಲ್ಲೇ ಬಿಟ್ಟು ಮೇಘನ ಇಳಿದು ಬಂದಳು. ರೇಷ್ಮೆ ಸೀರೆ, ಹೊಸ ತಾಳಿ. ತಲೆಯಲ್ಲಿ ಮಾತ್ರ ಒಂದು ಸಾದಾ ಜಡೆ, ಶಾಲೆಯ ಹುಡುಗಿ ಅವಸರದಲ್ಲಿ ಹಾಕಿಕೊಂಡಂತೆ ಸೊಟ್ಟಗೆ.

“ನಿನ್ನೆ ಯಾಕೆ ಫೋನ್ ಎತ್ಲಿಲ್ಲ ಅತ್ತೆ?”

ದಾಕ್ಷಾಯಿಣಿಯ ಕಣ್ಣು ಜಡೆಯ ಮೇಲಿತ್ತು. “ಯಾರು ಹಾಕಿದ್ದು ಇದನ್ನ?”

“ನಾನೇ. ಅಮ್ಮ ಶೃಂಗೇರಿಯಿಂದ ಸುಮಲತಾ ಅಂತ ಒಬ್ಬರನ್ನ ಕರೆಸಿದ್ಲು. ನಾನು ಬಾಚಣಿಗೆ ಕೊಡ್ಲಿಲ್ಲ. ಮೂರು ಕಾಲು ಮಾಡಿ ಹೆಣಿಯೋದು ನೀನು ಕಲಿಸಿದ್ದೆಯಲ್ಲ, ಅದೇ ಹಾಕ್ಕೊಂಡೆ. ಹೇಳ್ಕೊಡು ಅಂತ ಅಲ್ಲ ಅತ್ತೆ ನಿಂಗೆ ಫೋನ್ ಮಾಡಿದ್ದು. ನೋಡ್ಲಿ ಅಂತ.”

ದಾಕ್ಷಾಯಿಣಿ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮಂಟಪದಲ್ಲಿ ಇವರಮ್ಮ ಕೇಳಿದ್ರು, ಯಾಕಮ್ಮ ಜಡೆ ಹಿಂಗಿದೆ ಅಂತ. ಹಾಕೋರನ್ನ ಒಳಗೆ ಬಿಡ್ಲಿಲ್ಲ, ಅವರಿಗೆ ಗಂಡ ಇಲ್ವಂತೆ ಅಂದೆ. ಅಮ್ಮ ನೆಲ ನೋಡಿದ್ಲು. ಇವರಮ್ಮನ ಕಣ್ಣಲ್ಲಿ ನೀರು ಬಂತು ಅತ್ತೆ. ಅವರ ಸ್ವಂತ ಅಕ್ಕನ್ನ, ಇವರನ್ನ ಎತ್ತಿ ಆಡಿಸಿದ ದೊಡ್ಡಮ್ಮನ್ನ, ಶಿವಮೊಗ್ಗದಲ್ಲೇ ಬಿಟ್ಟು ಬಂದಿದ್ರಂತೆ. ಹುಡುಗಿ ಕಡೆಯೋರು ಏನಂತಾರೋ ಅಂತ.”

ಯಾರೂ ಏನೂ ಅಂದಿರಲಿಲ್ಲ. ಇವರಿಗೆ ಅವರ ಭಯ, ಅವರಿಗೆ ಇವರ ಭಯ. ನಡುವೆ ಇಬ್ಬರು ಹೆಂಗಸರು ಎರಡು ಊರುಗಳಲ್ಲಿ ಒಂಟಿಯಾಗಿ ಕೂತಿದ್ದರು.

“ಇವತ್ತು ಅಲ್ಲಿ ಮನೆ ತುಂಬಿಸ್ಕೊಳ್ಳೋದು. ಬಾಗಿಲಲ್ಲಿ ಆ ದೊಡ್ಡಮ್ಮನೇ ಆರತಿ ಎತ್ಬೇಕು, ಇಲ್ದಿದ್ರೆ ಹೊಸಲು ದಾಟಲ್ಲ ಅಂದಿದೀನಿ. ಇವರೂ ಹೂಂ ಅಂದಿದಾರೆ. ನೀನು ಜಡೆ ಹಾಕು” ಎಂದು ಮೇಘನ ಕುರ್ಚಿಯಲ್ಲಿ ಕೂತಳು.

ಮಗಳನ್ನು ಗಂಡನ ಮನೆಗೆ ಬಿಟ್ಟು ಬರಲು ಹೊರಟಿದ್ದ ಪ್ರೇಮಕ್ಕ ಕಾರಿನೊಳಗೇ ಇದ್ದಳು. ಇಳಿಯಲಿಲ್ಲ. ಗಾಜನ್ನು ಏರಿಸಲೂ ಇಲ್ಲ.

ದಾಕ್ಷಾಯಿಣಿ ಡಬ್ಬಿಯಿಂದ ಮೊಗ್ಗು ತೆಗೆದಳು. ರಾತ್ರಿ ಕಳೆದರೂ ಬಹಳಷ್ಟು ಬಿರಿದಿರಲಿಲ್ಲ. ರಜ ಮುಗಿಸಿ ಆಗಲೇ ಕೆಲಸಕ್ಕೆ ಬಂದಿದ್ದ ಸೌಜನ್ಯ ಅಭ್ಯಾಸಬಲದಿಂದ ಫೋನನ್ನು ಕನ್ನಡಿಗೆ ಒರಗಿಸಹೋದಳು.

“ಅದನ್ನ ಆರ್ಸಿ ಒಳಗಿಡು. ಬಾಗಿಲು ಪೂರ್ತಿ ತೆಗಿ” ಎಂದಳು ದಾಕ್ಷಾಯಿಣಿ. ಬಸ್ಸಿಗೆ ನಿಂತವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಅವಳು ಸೊಟ್ಟ ಜಡೆಯನ್ನು ಮೆಲ್ಲಗೆ ಬಿಚ್ಚಿ, ಸಿಕ್ಕು ಬಿಡಿಸಿ, ಕೂದಲನ್ನು ಮೂರು ಕಾಲು ಮಾಡಿ ಹೆಣೆಯತೊಡಗಿದಳು.