ಬೋಟಿ ಅಂಗಡಿಯವನ ಮುಖ

ಶವಪೆಟ್ಟಿಗೆಯ ಮುಚ್ಚಳವನ್ನು ಎತ್ತಿಕೊಂಡು ಬರುತ್ತಿದ್ದ ಆಗ್ಡನ್‌ನ ತೋಳನ್ನು ತಬಿತಾ ಹಿಡಿದುಕೊಂಡಳು.

"ಸ್ವಲ್ಪ ತಡೀರಿ. ಚಿತ್ರ ಬರೆಯೋ ಫೀಲ್ಡನ್ ಬರಬೇಕು."

ಆಗ್ಡನ್ ಊರಿನ ಬಡಗಿ. ಸತ್ತವರನ್ನು ಮಣ್ಣಿಗೆ ಸೇರಿಸುವ ಏರ್ಪಾಟೂ ಅವನದೇ. "ಅಮ್ಮಾ, ಪಾದ್ರಿಗಳು ಸ್ಮಶಾನದ ಗೇಟಲ್ಲಿ ನಿಂತಿರ್ತಾರೆ. ಮಳೆ ಬೇರೆ ಬರೋ ಹಾಗಿದೆ," ಅಂದ.

"ನಿಂತಿರ್ಲಿ."

ಆಗ್ಡನ್ ಮುಚ್ಚಳವನ್ನು ಗೋಡೆಗೆ ಒರಗಿಸಿದ. ಕೆಳಗಿನ ಬೋಟಿ ಅಂಗಡಿಯ ಒಲೆ ಆರಿಸಿ ದಿನಗಳಾಗಿದ್ದರೂ ಬೆಂದ ಬೋಟಿಯ, ವಿನಿಗರಿನ ವಾಸನೆ ಮಹಡಿಯ ಕೋಣೆಯನ್ನು ಬಿಟ್ಟಿರಲಿಲ್ಲ. ಗೋಡೆಯ ಉದ್ದಕ್ಕೂ ಕರಿಬಟ್ಟೆ ತೊಟ್ಟ ನೆರೆಹೊರೆಯವರು ಹಂದಿಮಾಂಸದ ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಡುವೆ, ಎರಡು ಕುರ್ಚಿಗಳ ಮೇಲಿಟ್ಟ ಪೆಟ್ಟಿಗೆಯಲ್ಲಿ, ಹೇಸಲ್‌ಡೆನ್‌ನ ಮಾರ್ಕೆಟ್ ಬೀದಿಯಲ್ಲಿ ಜೀವಮಾನವಿಡೀ ಬೋಟಿ ಮಾರಿದ ತಬಿತಾಳ ಗಂಡ ಈನಾಕ್ ಹೇವರ್ತ್ ಮಲಗಿದ್ದ.

"ಅವನನ್ನ ಯಾಕೆ ಕರೆಸ್ತಿದ್ದೀಯ?" ಈನಾಕ್‌ನ ಅಣ್ಣ ಜೇಬೆಜ್ ಕೇಳಿದ. ಗಿರಣಿಯ ಸದ್ದಿನಲ್ಲಿ ನಲವತ್ತು ವರ್ಷ ನೇಯ್ದವನು, ಮೆಲ್ಲಗೆ ಮಾತಾಡುವುದು ಅವನಿಗೆ ಗೊತ್ತಿರಲಿಲ್ಲ. "ಬದುಕಿದ್ದಾಗ ಬರೆದದ್ದು ಸಾಲ್ದಾ?"

"ಒಂದು ಚಿತ್ರ ಬೇಕಂತೆ ಕಣೋ," ಅಂದಳು ಪಕ್ಕದ ಮನೆಯ ಪೆಗಿ. "ಇವಳ ಹತ್ರ ಒಂದೂ ಇಲ್ವಲ್ಲ."

"ಚಿತ್ರಕ್ಕೇನು ಬರ? ಟೌನ್ ಹಾಲಿಗೆ ಹೋಗ್ಲಿ. ಆಳೆತ್ತರ ಇದೆ, ಚಿನ್ನದ ಚೌಕಟ್ಟು ಬೇರೆ!"

ಯಾರೋ ಕಿಸಕ್ಕೆಂದು ನಕ್ಕು, ಅದನ್ನು ಕೆಮ್ಮಾಗಿ ಬದಲಾಯಿಸಿದರು. ತಬಿತಾ ತಿರುಗಿ ನೋಡಲಿಲ್ಲ. ಇನ್ನು ಕೊಂಚ ಹೊತ್ತಿಗೆ ಆ ಮುಖ ಮುಚ್ಚಿಹೋಗುತ್ತದೆ. ಆಮೇಲೆ ಈ ಊರಲ್ಲಿ ಉಳಿಯುವುದು ಸರ್ ಲೂಷಿಯಸ್‌ನ ಮುಖ ಮಾತ್ರ. ಅವಳಿಗೆ ಬೇರೆ ಯೋಚನೆ ಇರಲಿಲ್ಲ.

*

ಸರ್ ಲೂಷಿಯಸ್ ಬೆಲ್‌ವುಡ್ ಮೊದಲ ಸಲ ಆ ಊರಿನಿಂದ ಪಾರ್ಲಿಮೆಂಟಿಗೆ ನಿಂತಾಗ ಆತನನ್ನು ಹತ್ತಿರದಿಂದ ಕಂಡವರು ಕಡಿಮೆ. ಲಂಡನ್ನಿನಿಂದ ಬಂದು, ಗಿರಣಿ ಮಾಲೀಕರ ಜೊತೆ ಉಂಡು, ರೈಲು ಹತ್ತಿದ್ದ. ಊರಿನ ‘ಕುಟುಕು’ ಎಂಬ ನಗೆ ವಾರಪತ್ರಿಕೆಗೆ ಆತನ ವ್ಯಂಗ್ಯಚಿತ್ರ ಬೇಕಾಯಿತು. ಪತ್ರಿಕೆಯ ಚಿತ್ರಗಾರ ಆಂಬ್ರೋಸ್ ಫೀಲ್ಡನ್ ಕೈಯಲ್ಲಿದ್ದದ್ದು ಮಬ್ಬಾದ ಒಂದು ಫೋಟೊ. ಅದರಲ್ಲಿ ಮುಖಕ್ಕಿಂತ ಟೋಪಿಯ ನೆರಳೇ ಹೆಚ್ಚು. ಚಿತ್ರ ಬರೆದು ಅಚ್ಚೊತ್ತುವ ಕಲ್ಲು ಮೇಜಿನ ಮೇಲೆ ಸಿದ್ಧವಾಗಿತ್ತು. ಫೀಲ್ಡನ್ ಕಿಟಕಿಯಾಚೆ ನೋಡಿದ. ಎದುರು ಬದಿಯಲ್ಲಿ ಈನಾಕ್, ಹಳಸಿದ ಮಾಲು ತಂದ ಕಸಾಯಿಯವನ ಜೊತೆ ಜಗಳಕ್ಕೆ ನಿಂತಿದ್ದ. ಒಂದು ಹುಬ್ಬು ಹಣೆಗೇರಿತ್ತು, ಕೆಳದುಟಿ ಮುಂದೆ ಬಂದಿತ್ತು, ಗದ್ದ ಗಾಳಿಯನ್ನು ತಿವಿಯುತ್ತಿತ್ತು. ಫೀಲ್ಡನ್ ಆ ಮುಖವನ್ನೇ ಕಲ್ಲಿನ ಮೇಲೆ ಬರೆದು ಅದಕ್ಕೊಂದು ಎತ್ತರದ ಟೋಪಿ ತೊಡಿಸಿದ.

ಊರು ಬಿದ್ದು ಬಿದ್ದು ನಕ್ಕಿತು. ಲಂಡನ್ನಿನ ಪತ್ರಿಕೆಗಳು ಆ ಗದ್ದವನ್ನು ನಕಲು ಮಾಡಿದವು. ಬಿಯರ್ ಕುಡಿಯುವ ಹೂಜಿಗಳ ಮೇಲೆ, ಹೊಗೆಸೊಪ್ಪು ಸೇದುವ ಮಣ್ಣಿನ ಕೊಳವೆಗಳ ಮೇಲೆ ಅದೇ ಹುಬ್ಬು ಬಂತು. ಟೌನ್ ಹಾಲಿಗೆಂದು ದೊಡ್ಡ ಚಿತ್ರಗಾರನೊಬ್ಬ ಸರ್ ಲೂಷಿಯಸ್‌ನನ್ನು ಎದುರಿಗೆ ಕೂರಿಸಿಕೊಂಡು ಎಣ್ಣೆಬಣ್ಣದಲ್ಲಿ ಬರೆದು ತಂದ. ಅದರಲ್ಲಿದ್ದದ್ದು ಸಣ್ಣ ಗದ್ದದ, ತೆಳು ತುಟಿಯ ಒಬ್ಬ ಮನುಷ್ಯ. ಹೋಲಿಕೆ ಸಾಲದು ಎಂದು ಸಮಿತಿ ಒಪ್ಪಲಿಲ್ಲ. ಚಿತ್ರಗಾರ ಮತ್ತೆ ಕುಂಚ ಹಿಡಿದು ಗದ್ದ ಬೆಳೆಸಿದ, ಹುಬ್ಬು ಏರಿಸಿದ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ನಗುವನ್ನು ಅಂಗಡಿಯೊಳಕ್ಕೆ ಕರೆದವಳು ತಬಿತಾ. ‘ಕುಟುಕು’ ಪತ್ರಿಕೆಯ ಹಾಳೆಯನ್ನು ಕಿಟಕಿಗೆ ಅಂಟಿಸಿ, ತನ್ನ ಅಪ್ಪನ ಹಳೆಯ ಟೋಪಿಯನ್ನು ಗಂಡನ ತಲೆಯ ಮೇಲಿಟ್ಟಳು.

"ಚುನಾವಣೆ ಮುಗಿಯೋವರೆಗೆ ಅಷ್ಟೇ ಈನಾಕ್. ಜನ ಹೆಂಗೆ ಬರ್ತಾರೆ ನೋಡು."

ಜನ ಬಂದರು. "ಸರ್ ಲೂಷಿಯಸ್, ಈರುಳ್ಳಿ ಜಾಸ್ತಿ ಹಾಕಿ!" "ಪಾರ್ಲಿಮೆಂಟಲ್ಲೂ ಹಿಂಗೇ ಕೊಯ್ತೀರಾ ಸ್ವಾಮಿ?" ಈನಾಕ್ ಮಾತಿಗೆ ಮಾತು ಕೊಡುತ್ತ ಬೋಟಿ ಕೊಯ್ದ. ಅಂಗಡಿ ಮುಚ್ಚಿದ ಮೇಲೆ ಕೇಳಿದ: "ಇದನ್ನ ಈಗ ತೆಗೀಲಾ?"

"ನಾಳೆ ಶನಿವಾರ. ಇನ್ನೊಂದು ದಿನ ಇರ್ಲಿ," ಅಂದಿದ್ದಳು ತಬಿತಾ.

ಟೋಪಿ ತೆಗೆದ ಮೇಲೂ ಹೆಸರು ಉಳಿಯಿತು. ಗಿರಣಿ ಕೆಲಸದ ಹೊತ್ತು ಕಡಿಮೆ ಮಾಡುವ ಮಸೂದೆಯ ವಿರುದ್ಧ ಸರ್ ಲೂಷಿಯಸ್ ಮತ ಹಾಕಿದಾಗ, ಆತ ಲಂಡನ್ನಿನಲ್ಲಿದ್ದ. ಈನಾಕ್ ಮಾತ್ರ ಜನರ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ. ಅಂಗಡಿಯ ಗಾಜು ಒಡೆಯಿತು. "ನಾನಲ್ಲ ಕಣ್ರೋ, ನಾನು ಬೋಟಿ ಮಾರೋನು!" ಎಂದು ಅವನು ಕೂಗಿದಾಗ ಕೆಸರು ಎಸೆಯುತ್ತಿದ್ದವರೂ ನಕ್ಕರು, ನಗುತ್ತಲೇ ಎಸೆದರು.

*

ಫೀಲ್ಡನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಮುದುಕನಾಗಿದ್ದ. ‘ಕುಟುಕು’ ನಿಂತು ಹೋಗಿತ್ತು. ಈಗ ಅವನು ಮಾತ್ರೆ ಡಬ್ಬಿಗಳಿಗೆ ಚೀಟಿ ಬರೆಯುತ್ತಿದ್ದ.

"ಬನ್ನಿ ಬನ್ನಿ," ಅಂದ ಜೇಬೆಜ್. "ಈ ಸಲ ಜಗಳ ಆಡಲ್ಲ ಅವನು, ಆರಾಮಾಗಿ ಬರೀಬಹುದು."

"ಬಾಯಿ ಮುಚ್ಚೋ, ಅದು ನಿನ್ನ ತಮ್ಮ," ಎಂದು ಪೆಗಿ ಗದರಿದಳು.

"ಏನು ಬೇಕು ಹೇಳಿ, ಮಿಸೆಸ್ ಹೇವರ್ತ್," ಫೀಲ್ಡನ್ ಕೇಳಿದ.

"ಇವರ ಮುಖ. ಇವರದ್ದೇ."

ಫೀಲ್ಡನ್ ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡ. ಈನಾಕ್‌ನ ಹುಬ್ಬುಗಳು ಸಮವಾಗಿ ಇಳಿದಿದ್ದವು, ತುಟಿ ಮುಚ್ಚಿತ್ತು. ಜಗಳದ ಆ ಮುಖ ಅವನಲ್ಲಿ ಕಾಣುತ್ತಿದ್ದದ್ದು ದಿನಕ್ಕೆ ಒಂದು ಗಳಿಗೆಯಷ್ಟೇ ಇದ್ದೀತು. ಉಳಿದ ಹೊತ್ತೆಲ್ಲ ಅವನು ಹೀಗೇ ಇದ್ದ. ಪೆನ್ಸಿಲ್ ಓಡಿತು. ತಬಿತಾ ಭುಜದ ಮೇಲಿಂದ ಬಗ್ಗಿ ನೋಡಿದಳು. ಕಾಗದದಿಂದ ಸರ್ ಲೂಷಿಯಸ್ ಗದ್ದ ಚಾಚಿ ಅವಳನ್ನೇ ನೋಡುತ್ತಿದ್ದ, ಕಣ್ಣು ಮುಚ್ಚಿಕೊಂಡಿದ್ದರೂ.

"ಇದಲ್ಲ."

ಫೀಲ್ಡನ್ ಬೇರೆ ಹಾಳೆ ತೆಗೆದ. ಈ ಸಲ ನಿಧಾನವಾಗಿ, ಗದ್ದದಿಂದ ಶುರು ಮಾಡದೆ ಕಿವಿಯಿಂದ ಶುರು ಮಾಡಿದ. ಕಿವಿ ಈನಾಕ್‌ನದೇ. ಕೆನ್ನೆಯೂ ಸರಿಯಾಗಿತ್ತು. ಬಾಯಿಗೆ ಬಂದ ಕೂಡಲೇ ಕೆಳದುಟಿ ಮುಂದೆ ಬಂತು. ಅಳಿಸಿ ಬರೆದ. ಮತ್ತೆ ಬಂತು.

"ಎದುರಿಗೇ ಮಲಗಿದಾರಲ್ಲ!" ತಬಿತಾಳ ದನಿ ಏರಿತು. "ಕಂಡದ್ದನ್ನ ಬರೆಯೋಕೇನು ಕಷ್ಟ?"

"ಕಣ್ಣಿಗೆ ಕಾಣ್ತಿದೆ ತಾಯಿ. ಕೈ ಕೇಳ್ತಿಲ್ಲ. ಹದಿನೆಂಟು ವರ್ಷ ಅದೊಂದನ್ನೇ ಬರೆದ ಕೈ ಇದು." ಅವನು ಬಲಗೈಯನ್ನು ತೊಡೆಗೆ ಉಜ್ಜಿಕೊಂಡ. "ಫೋಟೊದವನನ್ನ ಕರೆಸಬಾರದಿತ್ತೇ?"

"ಫೋಟೊದವನು ಬೇಡ," ಅಂದಳು ತಬಿತಾ.

*

ಒಮ್ಮೆ ಮದುವೆಯ ದಿನದ ನೆನಪಿಗೆಂದು ಅವಳೇ ಈನಾಕ್‌ನನ್ನು ಒಪ್ಪಿಸಿ ಫೋಟೊ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಅವನು ಹೊಸ ಕಾಲರ್ ತೊಟ್ಟು, ಉಸಿರು ಹಿಡಿದು ಕೂತಿದ್ದ. ಕರಿಬಟ್ಟೆಯೊಳಗಿಂದ ಫೋಟೊದವನ ದನಿ ಬಂತು:

"ಸ್ವಲ್ಪ ಹುಬ್ಬು ಎತ್ತಿ, ಸರ್ ಲೂಷಿಯಸ್! ಆಗಲೇ ಕಳೆ ಬರೋದು."

ಈನಾಕ್ ಎದ್ದ. ಬೈಯಲಿಲ್ಲ. ಮೂಲೆಯಲ್ಲಿಟ್ಟಿದ್ದ ಕೋಟು ತೆಗೆದುಕೊಂಡು ಬಾಗಿಲು ದಾಟಿದ. ದಾರಿಯಲ್ಲಿ ತಬಿತಾ, "ತಮಾಷೆಗೆ ಅಂದ ಕಣೋ, ಅಷ್ಟಕ್ಕೆಲ್ಲ..." ಅಂದಳು.

"ತಮಾಷೆಗೇ ಅಂದದ್ದು. ಗೊತ್ತು," ಅಂದ ಈನಾಕ್. "ನಿನಗಾದ್ರೂ ನಾನು ನಾನಾಗಿ ಕಾಣ್ತೀನಾ ತಬಿತಾ?"

"ಇದೇನು ಹುಚ್ಚು ಮಾತು?" ಎಂದು ನಕ್ಕಿದ್ದಳು. ಅವನು ಕೇಳಿದ್ದಕ್ಕೆ ಅವತ್ತೂ ಉತ್ತರ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ.

*

ಆಗ್ಡನ್ ಗಂಟಲು ಸರಿಮಾಡಿಕೊಂಡ. ಹೊರಗೆ ಹೆಣ ಹೊರುವವರು ಬೂಟುಗಳನ್ನು ಕಲ್ಲಿಗೆ ಕುಟ್ಟುತ್ತಿದ್ದರು.

"ಬೆನ್ನು ಬರೀರಿ," ಅಂದಳು ತಬಿತಾ.

"ಏನು?"

"ಸರ್ ಲೂಷಿಯಸ್‌ನ ಬೆನ್ನನ್ನ ಯಾವತ್ತಾದ್ರೂ ಬರೆದಿದ್ರಾ?"

ಫೀಲ್ಡನ್ ಯೋಚಿಸಿದ. "ಇಲ್ಲ. ಯಾರೂ ಕೇಳಲಿಲ್ಲ."

"ಹಾಗಾದ್ರೆ ಬರೀರಿ. ನಾನು ಹೇಳ್ತೀನಿ."

ಹೊಸ ಹಾಳೆ ಹಿಡಿದು, ಬೆಳಕಿಗಾಗಿ ಅವನು ಕಿಟಕಿಯ ಬಳಿಯ ಮೇಜಿಗೆ ಹೋದ. ಅವಳು ಅವನ ಪಕ್ಕಕ್ಕೆ ಹೋಗಿ ನಿಂತಳು. "ಅಂಗಡಿಯ ಕಟ್ಟೆ ಹತ್ರ, ಗಿರಾಕಿಗಳ ಕಡೆ ಮುಖ ಮಾಡಿ ನಿಂತಿದಾರೆ. ನಾನು ಹಿಂದೆ ಒಲೆ ಹತ್ರ. ಎಡ ಭುಜ ಇನ್ನೂ ಕೆಳಗೆ. ನೀರಿನ ಬಕೆಟ್ ಆ ಕೈಯಲ್ಲೇ ಹಿಡೀತಿದ್ದದ್ದು. ಹಾಂ. ಕತ್ತಿನ ಕೂದಲು ಒಂದೇ ಸಮ ಇಲ್ಲ, ನಾನೇ ಕತ್ತರಿಸ್ತಿದ್ದೆ, ನನ್ನ ಕೈ ಸೊಟ್ಟ. ಏಪ್ರನ್‌ ಗಂಟು ಮಧ್ಯದಲ್ಲಿ ಬೇಡ. ಬಲಕ್ಕೆ."

ಪೆನ್ಸಿಲ್ ಒಮ್ಮೆಯೂ ತಡವರಿಸಲಿಲ್ಲ. ಅಳಿಸುವ ರಬ್ಬರನ್ನು ಫೀಲ್ಡನ್ ಮುಟ್ಟಲೇ ಇಲ್ಲ. ಜೇಬೆಜ್ ತಟ್ಟೆ ಕೆಳಗಿಟ್ಟು ಹತ್ತಿರ ಬಂದ, ನೋಡಿದ, ಬಾಯಿ ತೆರೆದ. ಹೊತ್ತಿಗೊಂದು ಹಾಸ್ಯ ಹೇಳುವ ಮನುಷ್ಯ ಮೂಗು ಒರೆಸಿಕೊಂಡ.

"ನಮ್ಮ ಈನಾಕೇ," ಅಂದ.

ತಬಿತಾಳ ಕಣ್ಣು ತುಂಬಿತು. "ಈಗ ತಲೆ ಒಂಚೂರು ಈಚೆ ತಿರುಗ್ಸಿ. ನಾನು ಕರೆದಾಗ ತಿರುಗ್ತಿದ್ರಲ್ಲ, ಹಾಗೆ. ಸ್ವಲ್ಪವೇ."

ಪೆನ್ಸಿಲ್ ನಿಂತಿತು.

"ತಿರುಗಿಸಿದ್ರೆ ಆ ಇನ್ನೊಬ್ಬನೇ ಬರ್ತಾನೆ, ತಾಯಿ."

ಹಾಗಾದರೆ ತಾನೇ ಕಣ್ತುಂಬ ನೋಡಿಕೊಂಡುಬಿಡುತ್ತೇನೆ ಎಂದು ಅವಳು ಹಿಂದಕ್ಕೆ ತಿರುಗಿದಳು. ಆಗ್ಡನ್ ಪೆಟ್ಟಿಗೆಯ ಮೇಲೆ ಬಗ್ಗಿ ಕೊನೆಯ ತಿರುಪನ್ನು ಬಿಗಿಮಾಡುತ್ತಿದ್ದ. ಅವಳು ಕಿಟಕಿಯ ಕಡೆ ಹೋದದ್ದನ್ನು ಅವನು ಒಪ್ಪಿಗೆ ಎಂದುಕೊಂಡಿದ್ದ.

"ಆಯ್ತಲ್ಲಮ್ಮಾ? ಎತ್ತೋಣವಾ?"

ತಬಿತಾ ಬಾಯಿ ತೆರೆದಳು. ಹೆಣ ಹೊರುವವರು ಆಗಲೇ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದಿದ್ದರು. ಅವಳು ಹೂಂ ಅಂದಳು.

ಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ತಾಗಿದ ಸದ್ದು ಕೇಳಿತು. "ಬಾರೇ, ಅವನ ಹಿಂದೇನೇ ನೀನಿರಬೇಕು," ಎಂದು ಪೆಗಿ ಬಾಗಿಲಲ್ಲಿ ಕರೆಯುತ್ತಿದ್ದಳು. ತಬಿತಾ ಮೇಜಿನ ಮೇಲಿದ್ದ ಚಿತ್ರವನ್ನು ಎತ್ತಿಕೊಂಡಳು. ಕತ್ತು, ಇಳಿದ ಭುಜ, ಬಲಕ್ಕೆ ಸರಿದ ಗಂಟು. ಅವನು ಕಟ್ಟೆಯಾಚೆ ಇರುವ ಯಾರನ್ನೋ ನೋಡುತ್ತ ನಿಂತಿದ್ದ. ಅಲ್ಲಿ ಫೀಲ್ಡನ್ ಯಾರನ್ನೂ ಬರೆದಿರಲಿಲ್ಲ.

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವನ ಮುಖ ಆಚೆ ಬದಿಗಿದೆಯೇನೋ ಎಂಬಂತೆ, ನಿಧಾನವಾಗಿ ಅದರ ಹಿಂಬದಿ ತಿರುಗಿಸಿ ನೋಡಿದಳು.