ಅತ್ತಿಗೆ ಓದಲಾಗದ ಚೀಟಿ

ನಮ್ಮಣ್ಣ ಮೊದಲು ಟೀವಿ ರಿಪೇರಿ ಮಾಡುತ್ತಿದ್ದ. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಟೀವಿಯ ಹೊಟ್ಟೆ ಬಿಚ್ಚಿ ಕೂತಿರುತ್ತಿದ್ದವನಿಗೆ ಒಂದು ದಿನ ಅನ್ನಿಸಿತಂತೆ: ಇಷ್ಟು ಟೀವಿ ಸರಿಮಾಡಿದೆ, ಒಂದರಲ್ಲಾದರೂ ನಮ್ಮೂರಿನ ಮುಖ ಕಾಣಿಸಲಿಲ್ಲವಲ್ಲ! ಅಷ್ಟೇ, ಹುಚ್ಚು ಹತ್ತಿತು. ಮುಚ್ಚಿಹೋಗಿದ್ದ ಒಂದು ತಾಂತ್ರಿಕ ಶಾಲೆಯಿಂದ ಹಳೆಯ ಟ್ರಾನ್ಸ್‌ಮಿಟರ್ ತಂದ. ಎರಡು ವರ್ಷ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿ ಪರವಾನಗಿ ಪಡೆದ. ಊರ ಹೊರಗಿನ ಗುಡ್ಡದ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಕಬ್ಬಿಣದ ಕಂಬ ನಿಲ್ಲಿಸಿದ. ಸ್ಟುಡಿಯೋ ಅಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಮೇಜು, ನೀಲಿ ಪರದೆ, ಕ್ಯಾಮೆರಾ ಮತ್ತು ನಾನು. ಇನ್ನೊಂದರಲ್ಲಿ ಉಳಿದದ್ದೆಲ್ಲ.

ಸುದ್ದಿ ಓದುವವರು ಯಾರು ಅನ್ನುವುದೇ ದೊಡ್ಡ ತಲೆನೋವಾಯಿತು. ಮೂವರು ಬಂದು ಹೋದರು. ಒಬ್ಬರಿಗೆ ದೀಪದ ಬಿಸಿಗೆ ಕೆಮ್ಮು ಹತ್ತಿತು. ಇನ್ನೊಬ್ಬರು ಸಾವಿನ ಸುದ್ದಿಯನ್ನೂ ನಗುನಗುತ್ತಾ ಓದಿದರು. ಮೂರನೆಯವರು ತಮ್ಮ ಹೆಸರನ್ನೇ ಮರೆತರು. ಅಷ್ಟರಲ್ಲಿ ಊಟದ ಡಬ್ಬಿ ಕೊಡಲು ಬಂದ ಅತ್ತಿಗೆಯನ್ನು ಅಣ್ಣ, "ಬೆಳಕು ಹೊಂದಿಸ್ಬೇಕು, ಸುಮ್ನೆ ಐದು ನಿಮಿಷ ಕೂತ್ಕೋ" ಎಂದು ಮೇಜಿನ ಮುಂದೆ ಕೂರಿಸಿದ. ಸುಮ್ಮನೆ ಕೂರುವುದು ಆಕೆಯ ಜಾಯಮಾನವಲ್ಲ. ಮುಂದಿದ್ದ ಹಳೇ ಪೇಪರ್ ತೆಗೆದು ಗಟ್ಟಿಯಾಗಿ ಓದತೊಡಗಿದರು. ಕೆಳಗಿನಿಂದ ಸೈಕಲ್ ಅಂಗಡಿಯವನು ಮೆಟ್ಟಿಲು ಹತ್ತಿ ಬಂದ.

"ಯಾರಮ್ಮ ಅದು ಓದಿದ್ದು? ಎತ್ತಿದ ಸುತ್ತಿಗೆ ಕೈಯಲ್ಲೇ ನಿಂತ್ಬಿಡ್ತು."

ಐದು ನಿಮಿಷಕ್ಕೆ ಕೂತವರು ಇಪ್ಪತ್ತನಾಲ್ಕು ವರ್ಷ ಕೂತರು.

ನಮ್ಮದು ಸಂಜೆ ಆರೂವರೆಯ ಸುದ್ದಿ. ಆ ಹೊತ್ತಿಗೆ ಅಣ್ಣ ಗುಡ್ಡದ ಮೇಲಿರುತ್ತಿದ್ದ. ಆ ಹಳೇ ಯಂತ್ರ ಅವನು ಪಕ್ಕದಲ್ಲಿ ಕೂತರೆ ಮಾತ್ರ ಕೇಳುತ್ತಿತ್ತು, ಬೇರೆಯವರು ಹೋದರೆ ಮುನಿಸಿಕೊಳ್ಳುತ್ತಿತ್ತು. ಅತ್ತಿಗೆಯ ಸೋದರಮಾವ ಕೋರ್ಟಿನಲ್ಲಿ ಬೆರಳಚ್ಚು ಮಾಡಿ ನಿವೃತ್ತರಾದವರು, ಊರಿಗೆಲ್ಲ ಟಕಟಕ ಮಾವ. ಸುದ್ದಿಯನ್ನೆಲ್ಲ ಉದ್ದನೆಯ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ ಸುರುಳಿ ಮಾಡುವುದು ಅವರ ಕೆಲಸ. ಆ ಸುರುಳಿ ಕ್ಯಾಮೆರಾದ ಕೆಳಗೆ, ಹಳೇ ಹೊಲಿಗೆ ಯಂತ್ರದ ಚಕ್ರಕ್ಕೆ ಕಟ್ಟಿದ ಕೋಲಿನ ಮೇಲೆ ತಿರುಗುತ್ತಿತ್ತು. ಕೈಯಲ್ಲಿ ಕ್ಯಾಮೆರಾ, ಕಾಲಲ್ಲಿ ಹೊಲಿಗೆ ಯಂತ್ರ, ಹೀಗಿತ್ತು ನನ್ನ ಪಾಡು. ಫೋನಿನ ಗಂಟೆ ಸದ್ದು ಮಾಡಬಾರದೆಂದು ಅಣ್ಣ ಅದನ್ನು ಕಿತ್ತು ಕೆಂಪು ಬಲ್ಬು ಹಾಕಿದ್ದ.

ಸುದ್ದಿ ಎಂದರೆ ಯಾವ ಬೀದಿಗೆ ನಾಳೆ ನೀರಿಲ್ಲ, ಯಾವ ಬಸ್ಸಿನ ಹೊತ್ತು ಬದಲಾಯಿತು, ಆಸ್ಪತ್ರೆಗೆ ಹೊಸ ಡಾಕ್ಟರು ಬಂದರೇ ಇಲ್ಲವೇ. ಕೊನೆಗೆ 'ಕಳೆದದ್ದು, ಸಿಕ್ಕಿದ್ದು'. ಒಮ್ಮೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಹಲ್ಲಿನ ಸೆಟ್ಟು ಸಿಕ್ಕಿದೆ ಎಂದು ಅತ್ತಿಗೆ ಹೇಳಿದರು. ಮಾರನೆಯ ದಿನ ಮೂವರು ಬಂದು ಬಾಯಿಗೆ ಹಾಕಿ ನೋಡಿದರು.

ನಾನು ಹೇಳಬೇಕೆಂದಿರುವುದು ಇಪ್ಪತ್ತನಾಲ್ಕನೇ ವರ್ಷದ ಮಳೆಗಾಲದ ಒಂದು ಸಂಜೆಯ ವಿಷಯ. ಮಾವನಿಗೆ ಅವತ್ತು ಬೆಳಿಗ್ಗೆಯಿಂದ ಜ್ವರ. ಸುರುಳಿಯನ್ನು ಮನೆಯಲ್ಲೇ ಮಾಡಿ ಕಳಿಸಿದ್ದರು. ಐದು ಗಂಟೆಗೆ ಅತ್ತಿಗೆ ಬಂದವರೇ, "ಒಂದ್ಸಲ ಓದಿ ಹೇಳಪ್ಪ, ಕನ್ನಡಕ ಮನೇಲೇ ಬಿಟ್ಟುಬಂದೆ" ಎಂದರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಮರೆವು ಅಂದುಕೊಂಡು ಓದಿದೆ.

"ಇನ್ನೊಂದ್ಸಲ."

ಓದಿದೆ.

"ಇನ್ನೊಂದೇ ಒಂದ್ಸಲ ಓದ್ಬಿಡು."

"ಏನತ್ತಿಗೆ, ಪರೀಕ್ಷೆಗೆ ಕೂರ್ತಿದ್ದೀರಾ?"

ನನ್ನ ತಮಾಷೆಗೆ ಅವರು ಯಾವತ್ತೂ ನಗುವವರು, ಅವತ್ತು ನಗಲಿಲ್ಲ. ಗೋಡೆ ನೋಡುತ್ತಾ ತುಟಿ ಅಲುಗಿಸುತ್ತಿದ್ದರು.

ಆರೂವರೆಗೆ ಶುರುವಾಯಿತು. ಒಂದಕ್ಷರ ತಪ್ಪಿಲ್ಲ, ಎಂದಿನ ಗತ್ತು. ಅರ್ಧ ಸುದ್ದಿ ಮುಗಿದಿತ್ತು, ಕೆಂಪು ಬಲ್ಬು ಹತ್ತಿತು. ಗುಡ್ಡದಿಂದ ಅಣ್ಣ.

"ಅಣೆಕಟ್ಟಿನವರು ಫೋನ್ ಮಾಡಿದ್ರು. ಎಲ್ಲಾ ಬಾಗಿಲೂ ತೆಗೀತಿದ್ದಾರೆ. ಒಂದೂವರೆ ಗಂಟೇಲಿ ಹೊಳೆ ಕೆಳಗಿನ ಬೀದಿಗೆ ನುಗ್ಗುತ್ತೆ. ಸೇತುವೆ ಮುಚ್ಚಿದ್ದಾರೆ. ಜನ ದೊಡ್ಡ ಶಾಲೆಗೆ ಹೋಗ್ಬೇಕು. ಈಗಿಂದೀಗ್ಲೇ ಓದಿಸು."

ಸಿಕ್ಕಿದ ಚೀಟಿಯ ಮೇಲೆ ಗೀಚಿ, ಕ್ಯಾಮೆರಾದ ಅಡಿಯಲ್ಲಿ ತೆವಳಿ ಅತ್ತಿಗೆಯ ಕೈಗಿಟ್ಟೆ. ಅವರು ಚೀಟಿ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು, ಕತ್ತು ಓರೆ ಮಾಡಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ನಿಲ್ಲದ ಬಾಯಿ ನಿಂತಿತು. ನಾನು ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತೇ ಇದ್ದೆ. ಆಗ ಅವರು ಚೀಟಿ ಕೆಳಗಿಟ್ಟು ಕ್ಯಾಮೆರಾದ ಕಡೆ ನೇರ ನೋಡಿದರು.

"ವೀಕ್ಷಕರೇ, ಕ್ಷಮಿಸಿ. ಒಂದು ತುರ್ತು ಸುದ್ದಿ ಬಂದಿದೆ, ನನಗೆ ಓದೋಕೆ ಆಗ್ತಿಲ್ಲ. ನನ್ನ ಕಣ್ಣು ಹೋಗ್ತಾ ಇದೆ. ಒಂಬತ್ತು ತಿಂಗಳಿಂದ ಬಾಯಿಪಾಠ ಮಾಡ್ಕೊಂಡು ಹೇಳ್ತಿದ್ದೀನಿ. ಅದಿರ್ಲಿ. ಈಗ ನಮ್ಮ ಮೈದುನ ಓದ್ತಾನೆ, ಕಿವಿಗೊಟ್ಟು ಕೇಳಿ. ಬಾರಪ್ಪ."

ಎದ್ದು ನಿಂತು ಓದಿದೆ. ಕ್ಯಾಮೆರಾ ಅತ್ತಿಗೆಯ ಎತ್ತರಕ್ಕೆ ಇದ್ದುದರಿಂದ ಊರಿಗೆ ಕಂಡದ್ದು ನನ್ನ ಹೊಟ್ಟೆ ಮಾತ್ರ. ನಾನು ಮುಗಿಸಿದ ಕೂಡಲೇ ಅವರು ಅದನ್ನೇ ತಮ್ಮ ದನಿಯಲ್ಲಿ, ನಿಧಾನವಾಗಿ, ಎರಡು ಸಲ ಹೇಳಿದರು. ಕೆಳಗಿನ ಬೀದಿಯ ಕ್ಷೌರದವನು ಆಮೇಲೆ ನನಗೆ ಹೇಳಿದ: "ನೀನು ಓದ್ದಾಗ ಯಾರಪ್ಪ ಇವನು ಅಂದ್ಕೊಂಡ್ವಿ. ಆಯಮ್ಮ ಹೇಳಿದ್ಮೇಲೆ ಚಪ್ಪಲಿ ಹುಡುಕಿದ್ವಿ."

ಬಲ್ಬು ಮತ್ತೆ ಮತ್ತೆ ಹತ್ತಿತು. ನಾನು ಫೋನು ಕೇಳಿ ಬಂದು ಮೇಜಿನ ಕೆಳಗಿನಿಂದ ಪಿಸುಗುಟ್ಟುವುದು, ಅವರು ಹೇಳುವುದು. ಹಾಸಿಗೆ ಹಿಡಿದ ಗಂಡನನ್ನು ಹೊರಲಾರದೆ ಒಬ್ಬ ಮುದುಕಿ ಅಳುತ್ತಿದ್ದಾಳೆಂದು ಯಾರೋ ತಿಳಿಸಿದರು. "ಮೂಲೆಯ ಹಂಚಿನ ಮನೆ, ಹಸಿರು ಬಾಗಿಲು. ಮೈಯಲ್ಲಿ ಕಸುವಿದ್ದವರು ಇಬ್ಬರು ಈಗಲೇ ಓಡಿ" ಎಂದರು ಅತ್ತಿಗೆ. ಓಡಿದ್ದು ಇಬ್ಬರಲ್ಲ, ಏಳು ಜನ. ಮಂಚದ ಸಮೇತ ಎತ್ತಿಕೊಂಡು ಹೋದರಂತೆ.

ನೀರು ಬಂತು. ನಲವತ್ತು ಮನೆಯೊಳಗೆ ಮೊಣಕಾಲುದ್ದ ನಿಂತಿತು. ಒಂದು ಜೀವಕ್ಕೂ ಅಪಾಯವಾಗಲಿಲ್ಲ.

ಕಾರ್ಯಕ್ರಮ ಮುಗಿಸಿ ದೀಪ ಆರಿಸುವ ಹೊತ್ತಿಗೆ ಅಣ್ಣ ಗುಡ್ಡದಿಂದ ಇಳಿದು ಬಂದ. ಮೈಯೆಲ್ಲ ತೊಯ್ದಿತ್ತು. ಕ್ಯಾಮೆರಾಗೆ ಬಟ್ಟೆ ಹೊದಿಸುತ್ತಿದ್ದ ನನ್ನ ಕಡೆ ನೋಡಲೂ ಇಲ್ಲ.

"ಊರಿಗೆಲ್ಲ ಹೇಳ್ದೆ. ನಂಗೆ ಹೇಳ್ಲಿಲ್ಲ."

ಅತ್ತಿಗೆ ಮೇಜಿನ ಮೇಲಿನ ಚೀಟಿ ಮಡಚುತ್ತಾ ಕೂತಿದ್ದರು. "ಹೇಳಿದ್ರೆ ಏನ್ಮಾಡ್ತಿದ್ರಿ?"

"ಸುದ್ದಿ ನಿಲ್ಲಿಸ್ತಿದ್ದೆ. ನಿನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ಡಾಕ್ಟ್ರ ಹತ್ರ ಮಾವನ ಜೊತೆ ಹೋಗಿ ಬಂದೆ. ಕಣ್ಣಿನ ನಡುಭಾಗ ಹೋಗುತ್ತೆ, ಅಂಚು ಉಳಿಯುತ್ತೆ ಅಂದ್ರು. ಔಷಧಿ ಇಲ್ಲ ಅಂದ್ರು."

ಅಣ್ಣ ಒದ್ದೆ ಅಂಗಿಯಲ್ಲೇ ನೆಲದ ಮೇಲೆ ಕೂತುಬಿಟ್ಟ. "ನಾನು ಕಾಣಿಸ್ತೀನಾ?"

"ನೇರ ನೋಡಿದ್ರೆ ಇಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಕಾಣಿಸ್ತೀರಿ. ಕಿವಿ, ಅರ್ಧ ಮೀಸೆ. ಸಾಕು, ಗುರುತು ಸಿಗುತ್ತೆ."

ಅಣ್ಣ ನಕ್ಕನೋ ಅತ್ತನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಆಚೆ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡೆ.

ಮಾರನೆಯ ದಿನ ಜ್ವರದಲ್ಲೇ ಎದ್ದು ಬಂದ ಮಾವನಿಗೆ ಅಣ್ಣ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮಾವ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, "ದಿನಾ ನಾನೇ ಓದಿ ಬಾಯಿಪಾಠ ಮಾಡಿಸ್ತಿದ್ದೆ. ಯಾರಿಗೂ ಹೇಳ್ಬೇಡ ಅಂದ್ಲು. ನಾನೇನ್ ಮಾಡ್ಲಿ, ನಾನು ಎತ್ತಾಡಿಸಿದ ಮಗು" ಅಂದರು. ಐವತ್ತು ದಾಟಿದ ಮಗು! ಅದಾದ ಮೇಲೆ ಅಣ್ಣನೇ ಅವರಿಗೆ ಚಹಾ ತರಿಸಿದ.

ಸುದ್ದಿ ನಿಲ್ಲಿಸುವುದಾಗಿ ಅತ್ತಿಗೆಯೇ ಹೇಳಿದರು. ಊರು ಬಿಡಬೇಕಲ್ಲ. ಪೋಸ್ಟಿನಲ್ಲಿ ದಿನಕ್ಕೆ ಮೂವತ್ತು ಕಾಗದ ಬಂದವು. ಬಾಯಿಪಾಠ ಮಾಡಿ ಹೇಳಿದ್ದು ಮೋಸ ಎಂದು ಬರೆದದ್ದು ಒಬ್ಬರು ಮಾತ್ರ, ಅವರೂ ಕೊನೆಯಲ್ಲಿ 'ಆದರೂ ಬನ್ನಿ' ಎಂದಿದ್ದರು. ಒಬ್ಬ ಹುಡುಗಿಯಂತೂ, 'ಹೊಟ್ಟೆ ಮಾಮನೂ ಬರಲಿ' ಎಂದು ಬರೆದಿದ್ದಳು. ಆ ಹೆಸರು ನನಗೆ ಅಂಟಿದ್ದು ಬಿಡಲೇ ಇಲ್ಲ.

ಕೊನೆಗೆ ಅಣ್ಣ ಎರಡನೇ ಕುರ್ಚಿ ತಂದ. ಕಾಗದದ ಸುದ್ದಿ ಓದುವುದು ಟಕಟಕ ಮಾವ, ಜನರ ಜೊತೆ ಮಾತಾಡುವುದು ಅತ್ತಿಗೆ. ಮೊದಲ ದಿನ ಮಾವ ಬೆರಳಚ್ಚಿನ ವೇಗದಲ್ಲೇ ಓದಿ ಹದಿನೈದು ನಿಮಿಷದ ಸುದ್ದಿಯನ್ನು ಆರು ನಿಮಿಷಕ್ಕೆ ಮುಗಿಸಿದರು. "ಮಾವ, ಉಸಿರು ಬಿಡಿ. ಮನೆಯಲ್ಲಿ ಕೇಳ್ತಿರೋರು ಸುಸ್ತಾಗ್ತಾರೆ" ಎಂದರು ಅತ್ತಿಗೆ, ನೇರ ಪ್ರಸಾರದಲ್ಲೇ. ಉಳಿದ ಒಂಬತ್ತು ನಿಮಿಷ ಮೊಟ್ಟೆ ಮಾರುವಾಕೆಯೊಬ್ಬಳ ಜೊತೆ, ಒಂದು ಚೂರು ಕಾಗದವಿಲ್ಲದೆ, ಹರಟಿದರು. ಆ ಹರಟೆ ಎಷ್ಟು ಹಿಡಿಸಿತೆಂದರೆ ಮುಂದಿನ ವಾರದಿಂದ ಅದಕ್ಕೇ ಅರ್ಧ ಗಂಟೆ ಕೊಟ್ಟೆವು.

ಈಗ ಬೆಳಿಗ್ಗೆ ಹತ್ತಕ್ಕೆ ನಾನು ಸ್ಟುಡಿಯೋ ಬಾಗಿಲು ತೆಗೆಯುವಾಗ ಅಣ್ಣ, ಅತ್ತಿಗೆ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬರುತ್ತಾರೆ. ಅಣ್ಣ ಅವತ್ತಿನ ಕಾಗದಗಳನ್ನು ಒಂದೊಂದಾಗಿ ಒಡೆದು ಓದಿ ಹೇಳುತ್ತಾನೆ. ಅವನ ಓದು ಮೊದಲಿಂದಲೂ ಕಲ್ಲುದಾರಿಯ ಗಾಡಿ. ನಿನ್ನೆ ಒಂದು ಸಾಲನ್ನು ಮೂರು ಸಲ ಎಡವಿದ.

"ಬಿಡಿ ರೀ," ಎಂದರು ಅತ್ತಿಗೆ, "ನಿಮ್ಮನ್ನ ನಂಬಿ ಸುದ್ದಿ ಓದೋಕೆ ಕೂರಿಸಿದ್ರೆ ಊರು ಯಾವಾಗ್ಲೋ ಟೀವಿ ಆರಿಸ್ತಿತ್ತು."

"ಅದಕ್ಕೇ ನಿನ್ನ ಕೂರಿಸಿದ್ದು," ಎಂದು ಅಣ್ಣ ಆ ಸಾಲನ್ನು ನಾಲ್ಕನೇ ಸಲ ಮೊದಲಿನಿಂದ ಶುರುಮಾಡಿದ.