ಒಂಬತ್ತು ಪೆಟ್ಟು

ನನ್ನ ಕಿವಿಯನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಹೊಗಳುವ ಯೋಗ್ಯತೆ ಬೇರೆ ಯಾರಿಗೂ ಇಲ್ಲವಲ್ಲ! ಮೂರು ಬೀದಿ ಆಚೆ ಇರುವೆ ಕೆಮ್ಮಿದರೆ ಒಣಕೆಮ್ಮೋ ಕಫವೋ ಹೇಳಬಲ್ಲೆ. ಮನೆಮನೆಗೆ ಸ್ಪೀಕರ್ ಕೂರಿಸುವುದು ನನ್ನ ಕಸುಬು. ನಾನು ಕೂರಿಸಿದ ಮೇಲೆ ಹಾಡುವವರು ಡಬ್ಬಿಯಿಂದ ಇಳಿದು ಕುಡಿಯಲು ನೀರು ಕೇಳಿದ್ದುಂಟು.

ಇಂಥ ನನ್ನನ್ನು ಕರೆಸಿ ಅತ್ತಿಗೆ ಫೋನನ್ನು ಮುಖಕ್ಕೆ ಹಿಡಿದರು. "ಏನೋ ಆನೆಕಿವಿ, ಈ ಹಾಡಲ್ಲಿ ನಿಮ್ಮಣ್ಣ ಎಲ್ಲೋ?"

ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅವನು ಬಾರಿಸುತ್ತಿದ್ದದ್ದು ಟ್ರಯಾಂಗಲ್, ಮೂರು ಮೂಲೆಗೆ ಬಗ್ಗಿಸಿದ ಉಕ್ಕಿನ ಕಡ್ಡಿ. ಜೀವಮಾನಕ್ಕೆಲ್ಲ ಒಂದೇ ಹಾಡಿನ ರೆಕಾರ್ಡಿಂಗ್, ಒಂಬತ್ತೇ ಪೆಟ್ಟು. ಕ್ಯಾಸೆಟ್ ಬಂದಾಗ ಒಂದೂ ಕೇಳಿಸಲಿಲ್ಲ. ಆಮೇಲೆ ಅವನು ಕಡ್ಡಿ ಮುಟ್ಟಲಿಲ್ಲ.

"ಸ್ಟ್ರೀಮಿಂಗ್ ನುಂಗಿದೆ ಅತ್ತಿಗೆ," ಎಂದೆ. "ಫೈಲ್ ಚಿಕ್ಕದು ಮಾಡೋಕೆ ಮೆಲ್ಲಗಿರೋ ಸದ್ದನ್ನೆಲ್ಲ ಕಿತ್ತು ಬಿಸಾಕ್ತಾರೆ. ಉಳಿದಿದ್ದನ್ನ ನಿಮ್ಮ ಬ್ಲೂಟೂತ್ ಡಬ್ಬಿ ಇನ್ನೊಂದ್ಸಲ ಹಿಂಡುತ್ತೆ."

ಇದು ಸುಳ್ಳಲ್ಲ. ಅದು ಮೆಲ್ಲಗೆ ಯಾಕಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವತ್ತು ಸ್ಟುಡಿಯೋದಲ್ಲಿ ಸದ್ದು ಏರಿಸಿ ಇಳಿಸುವ ಗುಂಡಿಗಳ ಮುಂದೆ ಕೂತಿದ್ದವನು ನಾನೇ. "ಕಿವಿ ಆನೇದು, ಬುದ್ಧಿ ಸೊಳ್ಳೇದು" ಎಂದು ಅಣ್ಣ ಹತ್ತು ಜನರೆದುರು ನಗಿಸಿದ್ದ. ಅವನ ಮೈಕಿನ ಗುಂಡಿಯನ್ನು ಎರಡೇ ಬೆರಳಲ್ಲಿ ತಿರುಗಿಸಿ ಕೆಳಗಿಳಿಸಿದ್ದೆ.

"ಹಾಗಾದ್ರೆ ಹಿಂಡದೇ ಇರೋದನ್ನ ಹಾಕು. ಅವರ ಸದ್ದು ಒಂದ್ಸಲ ಕೇಳ್ಬೇಕು ನಂಗೆ. ಬರೀ ಬೊಗಳೆ ಬಿಡ್ತೀಯೋ, ಕೈಲಾಗುತ್ತೋ?"

ಇರುವೆಯ ಕೆಮ್ಮು ಕೇಳುವವನು ಆಗುವುದಿಲ್ಲ ಎನ್ನುವುದು ಹೇಗೆ? ಏನೂ ಕತ್ತರಿಸದ ಪೂರ್ತಿ ಗುಣಮಟ್ಟದ ಫೈಲ್ ಹುಡುಕಿದೆ, ಬ್ಲೂಟೂತ್ ಬಿಟ್ಟು ವೈರ್ ಎಳೆದೆ, ನನ್ನದೇ ಸ್ಪೀಕರ್ ತಂದಿಟ್ಟೆ. ಆ ಸದ್ದು ಮೂಲ ಟೇಪಿನಲ್ಲೇ ಸತ್ತಿರುತ್ತದೆ ಎಂಬ ಧೈರ್ಯ ನನಗೆ.

ನಾಲ್ಕನೇ ಸಾಲಿಗೆ "ಣಿನ್" ಎಂದಿತು. ಅತ್ತಿಗೆ ಒಂದು ಬೆರಳು ಮಡಿಸಿದರು. ಹಾಡು ಮುಗಿಯುವಾಗ ಒಂಬತ್ತು ಬೆರಳು ಮಡಿಚಿಕೊಂಡಿದ್ದವು.

"ಬಂತು. ಆದ್ರೆ ಆಚೆ ಬೀದೀಲಿ ನಿಂತ ಹಾಗಿದೆಯಲ್ಲೋ. ಮೈಕಿಗೆ ಮೂಗು ತಾಗೋ ಹಾಗೆ ನಿಂತಿದ್ದೆ ಅಂತಿದ್ರು."

"ಹಳೇ ಟೇಪು ಅತ್ತಿಗೆ..."

"ಹಾಡೋಳು ನನ್ನ ಪಕ್ಕದಲ್ಲೇ ಕೂತಿದಾಳೆ. ಅವಳಿಗೆ ಹಳೇ ಟೇಪಲ್ವಾ? ಅವತ್ತು ಗುಂಡಿ ತಿರುಗಿಸ್ತಿದ್ದೋನು ನೀನೇ ಅಲ್ವೇನೋ?"

ದಿನಕ್ಕೆ ಸಾವಿರ ಸುಳ್ಳು ಹೆರುವ ನಾನು ಬಗ್ಗಿ ಸ್ಪೀಕರಿನ ಧೂಳು ಒರೆಸತೊಡಗಿದೆ.

"ಸಾಯೋತನಕ ತನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ರು ಕಣೋ," ಎಂದರು. ಕಣ್ಣೊರೆಸಿಕೊಂಡರು. "ವೈರ್ ಬಿಚ್ಚು."

ಬಿಚ್ಚಿದೆ. ಅವರು ತಮ್ಮ ಡಬ್ಬಿಯಲ್ಲೇ ಮತ್ತೆ ಹಾಡು ಹಾಕಿದರು. ಅಣ್ಣ ಇರಲಿಲ್ಲ.

"ಇದ್ರಲ್ಲಿ ಅವರಿಲ್ಲ. ನೀನು ಮಾಡಿದ್ದೂ ಕೇಳ್ಸಲ್ಲ. ಹೊರಡು."

ನನ್ನ ಸ್ಪೀಕರ್ ಕೇಳಿ ಅತ್ತಿಗೆ ಅತ್ತೇಬಿಟ್ಟರು ಎಂದು ಗಿರಾಕಿಗಳಿಗೆ ಹೇಳುತ್ತಿರುತ್ತೇನೆ. ಎಲ್ಲರೂ ನಗುತ್ತಾರೆ. ಅದೊಂದನ್ನು ಮಾತ್ರ ಯಾರೂ ನಂಬುವುದಿಲ್ಲ.